ವಿಕಿರಣದ ಸುದ್ದಿಯಲ್ಲಿ ಪ್ರಮಾಣ ಬರೆಯಿರಿ

ಮಾನ್ಯ ಸಂಪಾದಕರೇ,

ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರದ ಮಾತು ಎದ್ದಾಗಿನಿಂದ ನಮ್ಮ ಭಾಗದ ಪತ್ರಿಕೆಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಎರಡು ಬಗೆಯ ಬರಹ ಓಡಾಡುತ್ತಿವೆ. ವಿಕಿರಣ ಸೋಕಿದರೆ ರೋಗನಿರೋಧಕ ಕೋಶಗಳು ಸಾಯುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎನ್ನುತ್ತದೆ ಒಂದು. ಸಣ್ಣ ಪ್ರಮಾಣದ ವಿಕಿರಣದಿಂದ ಆ ಕೋಶಗಳು ಚುರುಕಾಗುತ್ತವೆ ಎಂಬುದೂ ಪ್ರಯೋಗಾಲಯದಲ್ಲೇ ಸಾಬೀತಾಗಿದೆ ಎನ್ನುತ್ತದೆ ಇನ್ನೊಂದು. ಎರಡಕ್ಕೂ ಆಧಾರವಾಗುವ ಪ್ರಯೋಗಗಳು ನಿಜಕ್ಕೂ ಇವೆ. ಆದರೆ ಎಷ್ಟು ಗ್ರೇ (ವಿಕಿರಣದ ಅಳತೆ) ಕೊಟ್ಟರು, ಎಷ್ಟು ಹೊತ್ತಿನಲ್ಲಿ ಕೊಟ್ಟರು, ಯಾವ ಕೋಶಕ್ಕೆ ಕೊಟ್ಟರು, ಎಷ್ಟು ಗಂಟೆ ಬಿಟ್ಟು ನೋಡಿದರು ಎಂಬುದು ಎರಡು ಬರಹಗಳಲ್ಲೂ ಇರುವುದಿಲ್ಲ. ಈ ನಾಲ್ಕು ಇಲ್ಲದ ವಿಕಿರಣದ ಸುದ್ದಿಯಿಂದ ಓದುಗನಿಗೆ ಉಳಿಯುವುದು ಹೆದರಿಕೆ ಇಲ್ಲವೇ ಹುಸಿ ಧೈರ್ಯ.

ಸ್ಥಾವರ ಬೇಕೋ ಬೇಡವೋ ಎಂಬ ವಾದ ಈ ಪತ್ರದ್ದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಜನ ಇಂಥ ಬರಹ ಓದಿಯೇ ಸಿಟಿ ಸ್ಕ್ಯಾನ್ ಬೇಡ ಎನ್ನುತ್ತಾರೆ, ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯನ್ನು ನಡುವೆಯೇ ಬಿಡುತ್ತಾರೆ, ‘ಇಮ್ಯುನಿಟಿ’ ಪುಡಿಗೆ ದುಡ್ಡು ಸುರಿಯುತ್ತಾರೆ. ಹಾಗಾಗಿ ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ಗಾಜಿನ ತಟ್ಟೆಯಲ್ಲಿ ನಡೆಯುವುದೇನು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಪ್ರಮಾಣ. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿ ಹೀರಿದರೆ ಅದು 1 ಗ್ರೇ. ಎಕ್ಸ್‌ರೇ, ಗಾಮಾ ಕಿರಣ ಇಡೀ ದೇಹಕ್ಕೆ ಸಮನಾಗಿ ಬಿದ್ದರೆ 1 ಗ್ರೇಯನ್ನು 1 ಸೀವರ್ಟ್ (ದೇಹಕ್ಕಾಗುವ ಹಾನಿಯ ಅಳತೆ) ಎಂದೇ ಎಣಿಸಬಹುದು. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಸುಮಾರು 10. ನೆಲ, ಆಕಾಶ, ಗಾಳಿ, ಆಹಾರದಿಂದ ಮನುಷ್ಯನಿಗೆ ಸಹಜವಾಗಿ ಬರುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ನಮ್ಮ ದೇಶದಲ್ಲಿರುವ ಮಿತಿ ಐದು ವರ್ಷದಲ್ಲಿ 100, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಇನ್ನು ರೋಗನಿರೋಧಕ ಕೋಶ ಸತ್ತಿತು ಎನ್ನುವ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು 1ರಿಂದ 10 ಗ್ರೇ. 2 ಗ್ರೇ ಎಂದರೆ 2000 ಮಿಲಿಗ್ರೇ, ಹೊಟ್ಟೆಯ 200 ಸಿಟಿ ಸ್ಕ್ಯಾನ್‌ಗಳಷ್ಟು, ಅದೂ ಒಂದೆರಡು ನಿಮಿಷದಲ್ಲಿ. ಇದೇ ಪ್ರಮಾಣ ತಿಂಗಳುಗಟ್ಟಲೆ ಹಂಚಿ ಬಂದರೆ ಕೋಶಕ್ಕೆ ದುರಸ್ತಿಯ ಸಮಯ ಸಿಗುತ್ತದೆ, ಫಲಿತಾಂಶ ಬೇರೆಯಾಗುತ್ತದೆ. ಮೊಬೈಲ್ ಟವರಿನ ಅಲೆಗಳಿಗೆ ಡಿಎನ್‌ಎ ಎಳೆ ಕಡಿಯುವಷ್ಟು ಶಕ್ತಿಯೇ ಇಲ್ಲ, ಅವನ್ನು ಗ್ರೇ ಲೆಕ್ಕಕ್ಕೆ ತರುವುದೇ ತಪ್ಪು.

1 ಗ್ರೇ ಬಿದ್ದ ಕೋಶವೊಂದರಲ್ಲಿ ಡಿಎನ್‌ಎಯ ಒಂಟಿ ಎಳೆ ಸುಮಾರು ಸಾವಿರ ಕಡೆ, ಜೋಡಿ ಎಳೆ ಸುಮಾರು 35ರಿಂದ 40 ಕಡೆ ತುಂಡಾಗುತ್ತದೆ. ಹೆಚ್ಚಿನ ಹಾನಿ ಕಿರಣ ನೇರವಾಗಿ ತಾಗಿ ಆಗುವುದಲ್ಲ. ಕೋಶದೊಳಗಿನ ನೀರು ಒಡೆದು ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಿಂದ ಆಗುವುದು. ಜೋಡಿ ತುಂಡುಗಳ ಜಾಗದಲ್ಲಿ ಗಾಮಾ-ಎಚ್2ಎಎಕ್ಸ್ ಎಂಬ ಪ್ರೋಟೀನಿನ ಗುರುತು ಮೂಡುತ್ತದೆ. ಬಣ್ಣ ಹಚ್ಚಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಕೇಂದ್ರದಲ್ಲಿ ಹೊಳೆವ ಚುಕ್ಕೆಗಳನ್ನು ಎಣಿಸಬಹುದು. ಅರ್ಧ ಗಂಟೆಗೆ ಅವು ಅತಿ ಹೆಚ್ಚು, 24 ಗಂಟೆಗೆ ಬಹುತೇಕ ಮಾಯ. ಅರ್ಧ ಗಂಟೆಯ ಚಿತ್ರ ಮಾತ್ರ ಅಚ್ಚು ಹಾಕಿದರೆ ಓದುಗ ಗಾಬರಿಯಾಗುತ್ತಾನೆ. ಮರುದಿನದ್ದನ್ನು ಮಾತ್ರ ಹಾಕಿದರೆ ಏನೂ ಆಗಿಲ್ಲ ಎಂದುಕೊಳ್ಳುತ್ತಾನೆ.

ರೋಗನಿರೋಧಕ ಕೋಶ ಎನ್ನುವುದು ಒಂದೇ ಜಾತಿಯ ಕೋಶವಲ್ಲ. ಬಿ, ಟಿ ಎಂಬ ಬಿಳಿ ರಕ್ತಕಣಗಳಲ್ಲಿ ಬಿ-ಕೋಶಗಳು ಬಹಳ ನಾಜೂಕು. ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಟಿ-ಕೋಶಗಳೂ ಹಾಗೆಯೇ. ಒಮ್ಮೆ ಸೋಂಕು ಕಂಡು ನೆನಪಿಟ್ಟುಕೊಂಡ ಟಿ-ಕೋಶಗಳು ಗಟ್ಟಿ. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶ ಇನ್ನೂ ಗಟ್ಟಿ. ರಕ್ತದಲ್ಲಿ ಹರಿಯುವ ಮೊನೊಸೈಟ್ ಎಂಬ ಬಿಳಿಕಣ ಸುಲಭವಾಗಿ ಸಾಯುತ್ತದೆ, ಏಕೆಂದರೆ ಡಿಎನ್‌ಎ ದುರಸ್ತಿಗೆ ಬೇಕಾದ ಕೆಲವು ಪ್ರೋಟೀನುಗಳು ಅದರಲ್ಲಿ ಕಡಿಮೆ. ಅದೇ ಮೊನೊಸೈಟ್ ಬಲಿತು ರೋಗಾಣು ನುಂಗುವ ಮ್ಯಾಕ್ರೋಫೇಜ್ ಆದರೆ ಹಲವು ಗ್ರೇ ತಡೆದುಕೊಳ್ಳುತ್ತದೆ. ವಿಭಜನೆಯಾಗುವ ಕೋಶಕ್ಕೇ ವಿಕಿರಣದ ಪೆಟ್ಟು ಜಾಸ್ತಿ ಎಂಬ ನಿಯಮ 1906ರಿಂದ ಪಠ್ಯದಲ್ಲಿದೆ. ಲಿಂಫೋಸೈಟ್ (ಬಿ, ಟಿ ಕೋಶಗಳ ಗುಂಪು) ಆ ನಿಯಮ ಮುರಿಯುವ ಕೋಶ. ವಿಭಜನೆಗೆ ಹೊರಡದೆ ಸುಮ್ಮನೆ ಕುಳಿತಿದ್ದಾಗಲೇ 1-2 ಗ್ರೇಗೆ ಅರ್ಧಕ್ಕರ್ಧ ಸಾಯುತ್ತದೆ. ಪ್ರಚೋದನೆ ಕೊಟ್ಟು ಎಬ್ಬಿಸಿದ ಟಿ-ಕೋಶವೇ ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಹಾಗಾಗಿ ಮೊದಲು ಕಿರಣ, ಆಮೇಲೆ ಪ್ರಚೋದನೆ ಕೊಟ್ಟ ಪ್ರಯೋಗಕ್ಕೂ ಮೊದಲು ಪ್ರಚೋದನೆ, ಆಮೇಲೆ ಕಿರಣ ಕೊಟ್ಟ ಪ್ರಯೋಗಕ್ಕೂ ಉತ್ತರ ಬೇರೆ ಬರುತ್ತದೆ. ವರದಿಗಳಲ್ಲಿ ಈ ಕ್ರಮ ಹೇಳಿದ್ದನ್ನು ಕಾಣುವುದೇ ಅಪರೂಪ.

ಬದುಕಿರುವುದು ಬೇರೆ, ಕೆಲಸ ಮಾಡುವುದು ಬೇರೆ. 30 ಗ್ರೇ ಬಿದ್ದ ಬಿಳಿ ರಕ್ತಕಣ ಕೆಲವು ದಿನ ಉಸಿರಾಡುತ್ತದೆ, ಸಕ್ಕರೆ ಅರಗಿಸುತ್ತದೆ, ತನ್ನ ಮೈಮೇಲಿನ ಪ್ರೋಟೀನನ್ನು ಬೇರೆ ಟಿ-ಕೋಶಕ್ಕೆ ತೋರಿಸಿ ಅದನ್ನು ಕೆರಳಿಸುತ್ತದೆ. ಆದರೆ ಹುರಿದ ಬೀಜದ ಹಾಗೆ ಅದು ಮೊಳೆಯುವುದಿಲ್ಲ, ಒಂದು ಎರಡಾಗುವುದಿಲ್ಲ. ಇಂಥ ಕೋಶಗಳನ್ನು ಬೇರೆ ಕೋಶ ಬೆಳೆಸಲು ‘ಫೀಡರ್’ ಆಗಿ ಪ್ರಯೋಗಾಲಯಗಳಲ್ಲಿ ಬೇಕೆಂದೇ ತಯಾರಿಸುತ್ತಾರೆ. ಎಂಟಿಟಿ ಪರೀಕ್ಷೆ ನೋಡುವುದು ಕೋಶದ ಚಯಾಪಚಯವನ್ನು. ಮರುದಿನ ಎಂಟಿಟಿ ಮಾಡಿ ಕೋಶಗಳಿಗೆ ಏನೂ ಆಗಿಲ್ಲ ಎಂದು ಬರೆದದ್ದನ್ನು ಸ್ನಾತಕೋತ್ತರ ಪ್ರಬಂಧಗಳಲ್ಲಿ ಈಗಲೂ ಕಾಣುತ್ತೇವೆ. ವಿಭಜನೆ ನಿಂತಿದೆಯೇ ಎಂದು ತಿಳಿಯಲು ಸಿಎಫ್‌ಎಸ್‌ಇ ಬಣ್ಣ ತುಂಬಿ, ಸಿಡಿ3-ಸಿಡಿ28 ಪ್ರತಿಕಾಯಗಳಿಂದ ಪ್ರಚೋದಿಸಿ, ನಾಲ್ಕೈದು ದಿನ ಬಿಟ್ಟು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ನೋಡಬೇಕು. ಪ್ರತಿ ವಿಭಜನೆಗೂ ಬಣ್ಣ ಅರ್ಧವಾಗುತ್ತಾ ಹೋಗುತ್ತದೆ.

ಈ ಮೂರು ಜಿಲ್ಲೆಗಳ ಕಾಲೇಜುಗಳಲ್ಲಿ ಇಂಥ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗಾಗಿ ಮುಂದಿನ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಇಲ್ಲಿಯ ಬಿಸಿಲಿಗೂ ಪ್ರಯೋಗ ಕೆಡುತ್ತದೆ.

ರಕ್ತವನ್ನು ಹೆಪ್ಪುಗಟ್ಟಲು ಬಿಡದ ಹೆಪಾರಿನ್ ಇರುವ ಟ್ಯೂಬಿಗೇ ಎಳೆಯಿರಿ. ಅದೇ ಕೆಲಸಕ್ಕೆ ಬಳಸುವ ಇಡಿಟಿಎ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಟಿ-ಕೋಶ ಕೆರಳಲು ಆ ಕ್ಯಾಲ್ಸಿಯಂ ಬೇಕು. ಟ್ಯೂಬನ್ನು ಐಸ್ ಮೇಲೂ ಇಡಬೇಡಿ, ಏಪ್ರಿಲ್‌ನಲ್ಲಿ ಬಸ್ಸಿನ ಡಿಕ್ಕಿಗೂ ಹಾಕಬೇಡಿ. 18ರಿಂದ 24 ಡಿಗ್ರಿಯಲ್ಲಿ ಉಳಿಯುವಂತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಅದೇ ತಾಪಕ್ಕೆ ತಂದ ಜೆಲ್ ಪ್ಯಾಕ್‌ಗಳ ನಡುವೆ ಇಡಿ. ಹೊರ ರಾಜ್ಯದ ಪ್ರಯೋಗಾಲಯಕ್ಕೆ ವಿಮಾನದಲ್ಲಿ ಕಳಿಸುವುದಾದರೆ ಪೆಟ್ಟಿಗೆಯನ್ನು ಎಕ್ಸ್‌ರೇ ತಪಾಸಣೆಗೆ ಹಾಕಬಾರದು ಎಂಬ ಚೀಟಿ ಅಂಟಿಸಿ. 24 ಗಂಟೆ ಮೀರಿದ ರಕ್ತದಲ್ಲಿ ಇನ್ನೊಂದು ಬಗೆಯ ಬಿಳಿಕಣಗಳಾದ ಗ್ರಾನುಲೋಸೈಟ್‌ಗಳು ಹಗುರಾಗಿ ಲಿಂಫೋಸೈಟ್ ಪದರಕ್ಕೆ ಬೆರೆಯುತ್ತವೆ, ಟಿ-ಕೋಶದ ಕೆಲಸವನ್ನು ತಗ್ಗಿಸುತ್ತವೆ. ಆ ತಗ್ಗುವಿಕೆಯನ್ನು ವಿಕಿರಣದ ತಲೆಗೆ ಕಟ್ಟುವುದು ಸುಲಭ.

ರಕ್ತಕ್ಕೆ ಅಷ್ಟೇ ಪ್ರಮಾಣದ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಸೇರಿಸಿ, ಕೋಶಗಳನ್ನು ಪದರವಾಗಿ ಬೇರ್ಪಡಿಸುವ 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಟ್ಯೂಬಿನ ಗೋಡೆಗುಂಟ ನಿಧಾನ ಇಳಿಬಿಡಿ. ಸೆಂಟ್ರಿಫ್ಯೂಜಿನಲ್ಲಿ 400 ಜಿ (ಗುರುತ್ವದ 400 ಪಟ್ಟು), 30 ನಿಮಿಷ, ಬ್ರೇಕ್ ಬಂದ್. ಬ್ರೇಕ್ ಹಾಕಿದರೆ ಪದರ ಕದಡುತ್ತದೆ. ಕೋಣೆ ಮತ್ತು ಸೆಂಟ್ರಿಫ್ಯೂಜ್ 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಎಸಿ ಇಲ್ಲದ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮಾಡಿದರೆ ಲಿಂಫೋಸೈಟ್ ಇಳುವರಿ ಬೀಳುತ್ತದೆ. ಸರಿಯಾಗಿ ಮಾಡಿದರೆ ಒಂದು ಮಿ.ಲೀ. ರಕ್ತಕ್ಕೆ ಸುಮಾರು 10 ಲಕ್ಷ ಕೋಶ ಸಿಗುತ್ತದೆ. ಎರಡು ಸಲ ತೊಳೆದು, ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿ. ನೂರಕ್ಕೆ 95ಕ್ಕಿಂತ ಕಡಿಮೆ ಜೀವಂತವಿದ್ದರೆ ಆ ರಕ್ತ ಬಿಟ್ಟು ಬೇರೆ ತೆಗೆದುಕೊಳ್ಳಿ. ಆರ್‌ಪಿಎಂಐ-1640 ಮಾಧ್ಯಮ (ಕೋಶ ಬೆಳೆಸುವ ಪೋಷಕ ದ್ರವ), ಶೇ 10 ಸೀರಂ, ಮಿ.ಲೀ.ಗೆ 10 ಲಕ್ಷ ಕೋಶ, 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್.

ಇನ್ನು ಕಿರಣ ಕೊಡುವ ಹಂತ. ಅತಿ ಹೆಚ್ಚು ಪ್ರಯೋಗ ಹಾಳಾಗುವುದು ಇಲ್ಲಿಯೇ. ಜೀವವಿಜ್ಞಾನದವರು ಇದನ್ನು ಯಂತ್ರದವರ ಕೆಲಸ ಎಂದು ಬಿಡುತ್ತಾರೆ, ಯಂತ್ರದವರಿಗೆ ಫ್ಲಾಸ್ಕಿನ ಒಳಗೇನಿದೆ ಗೊತ್ತಿರುವುದಿಲ್ಲ. ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕಿರಣ ಕೊಡುವ 6 ಎಂವಿ ಲೀನಿಯರ್ ಆಕ್ಸಲರೇಟರ್ ತೆಗೆದುಕೊಳ್ಳಿ. ಅದರ ಕಿರಣ ಅಂಗಾಂಶದಲ್ಲಿ ಸುಮಾರು 1.5 ಸೆಂ.ಮೀ. ಆಳಕ್ಕೆ ಹೋದ ಮೇಲೆ ಪೂರ್ತಿ ಪ್ರಮಾಣ ತಲುಪುತ್ತದೆ. 25 ಚದರ ಸೆಂ.ಮೀ. ತಳದ ಫ್ಲಾಸ್ಕಿನಲ್ಲಿ 5 ಮಿ.ಲೀ. ಮಾಧ್ಯಮ ಹಾಕಿದರೆ ಅದರ ಆಳ ಬರೀ 2 ಮಿ.ಮೀ. ಫ್ಲಾಸ್ಕನ್ನು ಹಾಗೇ ಮೇಜಿನ ಮೇಲಿಟ್ಟು ಮೇಲಿನಿಂದ ಕಿರಣ ಬಿಟ್ಟರೆ ಪರದೆಯ ಮೇಲೆ 2 ಗ್ರೇ ಎಂದಿರುತ್ತದೆ, ಕೋಶಕ್ಕೆ ಅಷ್ಟು ಸಿಕ್ಕಿರುವುದಿಲ್ಲ. ಮಾಧ್ಯಮದ ಮೇಲಿನ ಗಾಳಿ ಪದರ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ಫ್ಲಾಸ್ಕನ್ನು ಕತ್ತಿನವರೆಗೆ ಮಾಧ್ಯಮ ತುಂಬಿ, ಮೇಲೆ 1.5 ಸೆಂ.ಮೀ. ದಪ್ಪದ ನೀರಿಗೆ ಸಮನಾದ ಹಲಗೆ, ಕೆಳಗೆ ಕನಿಷ್ಠ 5 ಸೆಂ.ಮೀ. ಹಲಗೆ ಇಡಿ. ಇಲ್ಲವೇ ಯಂತ್ರದ ತಲೆಯನ್ನು ಮೇಜಿನ ಅಡಿಗೆ ತಿರುಗಿಸಿ, ಹಲಗೆಯ ಮೂಲಕ ಕೆಳಗಿನಿಂದ ಕೊಡಿ. ತಳದಲ್ಲಿ ಪ್ರಮಾಣ ಅಳೆಯುವ ಫಿಲ್ಮ್ ಅಥವಾ ಟಿಎಲ್‌ಡಿ ಇಟ್ಟು ಅಳೆದು ನೋಡುವವರೆಗೆ ಯಾವ ಸಂಖ್ಯೆಯನ್ನೂ ಬರೆಯಬೇಡಿ.

ಕೋಬಾಲ್ಟ್-60 ಯಂತ್ರವಾದರೆ ಅದರ ಅರ್ಧಾಯುಷ್ಯ 5.27 ವರ್ಷ, ಕಿರಣದ ಬಲ ತಿಂಗಳಿಗೆ ಶೇ 1ಕ್ಕೂ ಸ್ವಲ್ಪ ಹೆಚ್ಚು ಇಳಿಯುತ್ತದೆ. ಆರು ತಿಂಗಳ ಹಿಂದಿನ ಪಟ್ಟಿ ನೋಡಿ ಸಮಯ ಹಾಕಿದರೆ ಶೇ 6ರಷ್ಟು ಕಡಿಮೆ ಬೀಳುತ್ತದೆ.

ಹೋಲಿಕೆಗೆ ಇಡುವ ಕಂಟ್ರೋಲ್ ಫ್ಲಾಸ್ಕ್ ಇನ್‌ಕ್ಯುಬೇಟರಿನಲ್ಲೇ ಬೆಚ್ಚಗೆ ಕುಳಿತಿದ್ದರೆ ಅದು ಕಂಟ್ರೋಲ್ ಅಲ್ಲ. ಕಿರಣಕ್ಕೆ ಒಡ್ಡುವ ಫ್ಲಾಸ್ಕಿನ ಜೊತೆಯಲ್ಲೇ ಅದೂ ಯಂತ್ರದ ಕೋಣೆಗೆ ಹೋಗಬೇಕು, ಅದೇ ಬಿಸಿಲು, ಅದೇ ಕುಲುಕಾಟ, ಅದೇ ಕಾಯುವಿಕೆ ಅದಕ್ಕೂ ಆಗಬೇಕು, ಕಿರಣ ಮಾತ್ರ ಬೀಳಬಾರದು. ಇನ್‌ಕ್ಯುಬೇಟರಿನಿಂದ ಹೊರಬಂದ ಮಾಧ್ಯಮದಿಂದ ಇಂಗಾಲದ ಡೈಆಕ್ಸೈಡ್ ಹಾರಿ ಹೋಗಿ ಅದು ಕ್ಷಾರವಾಗುತ್ತದೆ, ಕಿತ್ತಳೆ ಮಿಶ್ರಿತ ಕೆಂಪು ಬಣ್ಣ ಗುಲಾಬಿಗೆ ತಿರುಗುತ್ತದೆ. ಮುಚ್ಚಳ ಬಿಗಿ ಮಾಡಿ, 25 ಮಿಲಿಮೋಲಾರ್ ಹೆಪೆಸ್ ಎಂಬ ಬಫರ್ ಸೇರಿಸಿದರೆ ಇದನ್ನು ತಡೆಯಬಹುದು. ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಬಾಗಿಲು ತೆಗೆಯಬಾರದು. ಒಣಹವೆಯ ದಿನಗಳಲ್ಲಿ ಒಳಗಿನ ನೀರಿನ ತಟ್ಟೆ ಬೇಗ ಬತ್ತುತ್ತದೆ, 96 ಗುಳಿಯ ತಟ್ಟೆಯಲ್ಲಿ ಅಂಚಿನ ಗುಳಿಗಳು ಆವಿಯಾಗಿ ಉಪ್ಪು ಏರುತ್ತದೆ. ಅಂಚಿನ ಗುಳಿಗಳಿಗೆ ಬರೀ ಪಿಬಿಎಸ್ ಹಾಕಿ ಬಿಟ್ಟುಬಿಡಿ.

ಮೊನೊಸೈಟ್‌ಗಳು ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನು ಸುರಿಸುವುದನ್ನು ಕಂಡು ವಿಕಿರಣದಿಂದ ಉರಿಯೂತ ಎಂದು ಬರೆಯುವ ಮೊದಲು ನೀರು, ಸೀರಂಗಳಲ್ಲಿ ಎಂಡೋಟಾಕ್ಸಿನ್ ಇದೆಯೇ ಪರೀಕ್ಷಿಸಬೇಕು. ಬ್ಯಾಕ್ಟೀರಿಯಾದ ಗೋಡೆಯ ಆ ಚೂರು ಒಂದಿಷ್ಟೇ ಇದ್ದರೂ ಅದೇ ಫಲಿತಾಂಶ ಬರುತ್ತದೆ. ಎನ್‌ಕೆ ಕೋಶದ (ಕ್ಯಾನ್ಸರ್, ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿಕಣ) ಕೊಲ್ಲುವ ಶಕ್ತಿ ಅಳೆಯಲು ಬಳಸುವ ಕೆ562 ಎಂಬ ಕ್ಯಾನ್ಸರ್ ಕೋಶಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಅದು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, 0.2 ಮೈಕ್ರಾನ್ ಸೋಸುಕದಿಂದಲೂ ನುಸುಳುತ್ತದೆ. ಪಿಸಿಆರ್ ಒಂದೇ ದಾರಿ ಎಂದಲ್ಲ, ಭರವಸೆಯ ದಾರಿ ಅದು.

ಶೇಕಡಾವಾರು ಲೆಕ್ಕ ಎಂಥ ಮೋಸ ಮಾಡುತ್ತದೆ ನೋಡಿ. ಒಂದು ಗುಳಿಯಲ್ಲಿ 1000 ಸಹಾಯಕ ಟಿ-ಕೋಶ, ಅದರಲ್ಲಿ ಉಳಿದವನ್ನು ಹದ್ದುಬಸ್ತಿನಲ್ಲಿಡುವ 50 ನಿಯಂತ್ರಕ ಕೋಶ ಎಂದಿಟ್ಟುಕೊಳ್ಳೋಣ. ನಿಯಂತ್ರಕ ಕೋಶಗಳು ವಿಕಿರಣವನ್ನು ತುಸು ಹೆಚ್ಚು ತಾಳುತ್ತವೆ. ಕಿರಣದ ಬಳಿಕ ಒಟ್ಟು 400 ಉಳಿದು, ಅದರಲ್ಲಿ 32 ನಿಯಂತ್ರಕ ಎಂದಾದರೆ ಪಾಲು ಶೇ 5ರಿಂದ ಶೇ 8ಕ್ಕೆ ಏರಿತು. ಶೀರ್ಷಿಕೆ ಬರುವುದು ವಿಕಿರಣದಿಂದ ನಿಯಂತ್ರಕ ಕೋಶ ಹೆಚ್ಚಳ ಎಂದು. ನಿಜಕ್ಕೂ 50 ಇದ್ದದ್ದು 32 ಆಗಿದೆ. ಇಂಟರ್‌ಫೆರಾನ್ (ರೋಗನಿರೋಧಕ ಕೋಶ ಸುರಿಸುವ ಸಂದೇಶದ ಪ್ರೋಟೀನು) ಅಳೆಯುವಾಗಲೂ ಗುಳಿಗೆ ಎಷ್ಟು ಎಂದರೆ ಸಾಲದು, ಬದುಕಿರುವ ಕೋಶಕ್ಕೆ ಎಷ್ಟು ಎಂದು ಭಾಗಿಸಿ ಹೇಳಬೇಕು.

ಬಿಡಿ ಕೋಶ ಬಿಟ್ಟು ಅಂಗಾಂಶದ ತುಣುಕನ್ನೇ ಬೆಳೆಸಿದರೆ ದೇಹಕ್ಕೆ ಇನ್ನಷ್ಟು ಹತ್ತಿರ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಟಾನ್ಸಿಲ್ ಇದಕ್ಕೆ ಹೇಳಿ ಮಾಡಿಸಿದ್ದು. ಟಿ, ಬಿ, ಡೆಂಡ್ರೈಟಿಕ್ ಕೋಶಗಳು ಅಲ್ಲಿ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಸುಮಾರು 2 ಮಿ.ಮೀ. ತುಂಡುಗಳನ್ನು ಕೊಲಾಜೆನ್ ಸ್ಪಂಜಿನ ಮೇಲೆ, ಗಾಳಿ ಮತ್ತು ದ್ರವ ಕೂಡುವ ಮಟ್ಟದಲ್ಲಿ ಇಡುತ್ತಾರೆ. ಆಮ್ಲಜನಕ ಅಂಗಾಂಶದೊಳಗೆ ಇಳಿಯುವುದು 100ರಿಂದ 200 ಮೈಕ್ರಾನ್ ಮಾತ್ರ. ತುಂಡು ದಪ್ಪವಾದಷ್ಟೂ ನಡುಭಾಗ ಉಸಿರುಗಟ್ಟಿ ಸಾಯುತ್ತದೆ. ಉಸಿರುಗಟ್ಟಿಯೂ ಸಾಯದೆ ಉಳಿದ ಕೋಶಕ್ಕೆ ವಿಕಿರಣದ ಪೆಟ್ಟು ಕಡಿಮೆ, ಏಕೆಂದರೆ ಆಮ್ಲಜನಕ ಚೆನ್ನಾಗಿರುವ ಕಡೆ ಹಾನಿ ಎರಡೂವರೆಯಿಂದ ಮೂರು ಪಟ್ಟು. ಒಂದೇ ತುಂಡಿನಲ್ಲಿ ನಡುವೆ ಬೇರೆ ಕಾರಣಕ್ಕೆ ಸತ್ತದ್ದು, ಅದರ ಸುತ್ತ ವಿಕಿರಣ ತಪ್ಪಿಸಿಕೊಂಡದ್ದು, ಹೊರಗೆ ವಿಕಿರಣಕ್ಕೆ ಸತ್ತದ್ದು, ಮೂರೂ ಇರುತ್ತವೆ. ಅರೆದು ಒಟ್ಟಿಗೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಸೀಳಿ ಬಣ್ಣ ಹಾಕಿ ಪದರ ಪದರವಾಗಿ ನೋಡಬೇಕು.

ಪೆಟ್ಟು ತಿಂದ ಕೋಶ ಪಕ್ಕದ ಕೋಶಕ್ಕೂ ಸಂದೇಶ ಕಳಿಸುತ್ತದೆ. ಕಿರಣ ಬೀಳದ ಕೋಶಗಳಲ್ಲೂ ಬದಲಾವಣೆ ಕಾಣುತ್ತದೆ ಎಂಬುದನ್ನು 1992ರಲ್ಲೇ ತೋರಿಸಿದ್ದಾರೆ. ಒಡೆದ ಡಿಎನ್‌ಎ ಚೂರು ಕೋಶಕೇಂದ್ರದಿಂದ ಹೊರಬಿದ್ದರೆ ಕೋಶ ಅದನ್ನು ವೈರಸ್ ಬಂತೆಂದೇ ಬಗೆದು ಇಂಟರ್‌ಫೆರಾನ್ ಬಿಡುತ್ತದೆ. ವಿಕಿರಣ ಚಿಕಿತ್ಸೆಯನ್ನೂ ರೋಗನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೋಥೆರಪಿಯನ್ನೂ ಒಟ್ಟಿಗೆ ಕೊಡುವ ಪ್ರಯತ್ನಗಳ ಹಿಂದಿರುವುದು ಇದೇ. ಸುಮಾರು 0.5ರಿಂದ 1 ಗ್ರೇಯಲ್ಲಿ ಮ್ಯಾಕ್ರೋಫೇಜ್‌ಗಳು ಉರಿಯೂತ ತಗ್ಗಿಸುವತ್ತ ವಾಲುತ್ತವೆ. ಜರ್ಮನಿಯಲ್ಲಿ ಹಿಮ್ಮಡಿ ನೋವಿಗೆ ಈ ಪ್ರಮಾಣದ ಚಿಕಿತ್ಸೆಯೇ ಇದೆ. ಸಣ್ಣ ವಿಕಿರಣ ಒಳ್ಳೆಯದು ಎಂಬ ಬರಹಗಳು ಹಿಡಿದುಕೊಳ್ಳುವುದು ಇದನ್ನೇ. ಹಿಮ್ಮಡಿಗಷ್ಟೇ ಕೊಡುವ ಆ ಅರ್ಧ ಗ್ರೇ, ವಿಕಿರಣ ಕಾರ್ಮಿಕನ ಇಡೀ ದೇಹಕ್ಕೆ ಐದು ವರ್ಷದಲ್ಲಿ ಅನುಮತಿಸಿದ ಮೊತ್ತದ ಐದು ಪಟ್ಟು ಎಂಬುದನ್ನು ಅವು ಹೇಳುವುದಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಹೆಚ್ಚು ವಿಕಿರಣ ತಗುಲಿ ಬದುಕುಳಿದವರ ರಕ್ತದಲ್ಲಿ ಹೊಸ ಟಿ-ಕೋಶಗಳು ದಶಕಗಳ ನಂತರವೂ ಕಡಿಮೆ ಇದ್ದವು. ತಟ್ಟೆಯಲ್ಲಿ ಮೂಳೆಮಜ್ಜೆ ಇಲ್ಲ, ಟಿ-ಕೋಶ ಬಲಿಯುವ ಥೈಮಸ್ ಗ್ರಂಥಿ ಇಲ್ಲ, ಸತ್ತದ್ದರ ಜಾಗ ತುಂಬುವವರು ಯಾರೂ ಇಲ್ಲ. ಮೂರು ದಿನದ ಕಲ್ಚರ್ (ತಟ್ಟೆಯಲ್ಲಿ ಬೆಳೆಸಿದ ಕೋಶ) ನೋಡಿ ಮೂವತ್ತು ವರ್ಷದ ಮಾತು ಆಡಲಾಗದು, ಯಾವ ಕಡೆಗೂ.

ಚಿಕಿತ್ಸೆಯಲ್ಲಿರುವವರಿಗೆ ಒಂದು ಮಾತು. ವಿಕಿರಣ ಚಿಕಿತ್ಸೆಯ ವಾರಗಳಲ್ಲಿ ಲಿಂಫೋಸೈಟ್ ಇಳಿಯುವುದು ನಿಜ. ಕಿರಣ ಬೀಳುವ ಜಾಗದ ಮೂಲಕ ಹರಿದುಹೋಗುವ ರಕ್ತಕ್ಕೂ ಪಾಲು ಸಿಗುತ್ತದೆ. ಮೆದುಳಿನ ಗಡ್ಡೆಗೆ 30 ಕಂತಿನಲ್ಲಿ 60 ಗ್ರೇ ಕೊಟ್ಟರೆ ಹರಿಯುವ ರಕ್ತದ ಶೇ 99ಕ್ಕೆ ಕನಿಷ್ಠ 0.5 ಗ್ರೇ ಸಿಕ್ಕಿರುತ್ತದೆ ಎಂದು 2013ರ ಒಂದು ಲೆಕ್ಕಾಚಾರ ತೋರಿಸಿತು. ಇದು ವೈದ್ಯರಿಗೆ ಗೊತ್ತಿರುವ, ರಕ್ತ ಪರೀಕ್ಷೆಯಲ್ಲಿ ಗಮನಿಸುತ್ತ ಹೋಗುವ ಪರಿಣಾಮ. ಇದಕ್ಕೆ ಹೆದರಿ ಬೆಂಗಳೂರಿನ ಕಿದ್ವಾಯಿಯಿಂದ ಹತ್ತು ಕಂತಿಗೇ ಊರಿಗೆ ಮರಳಿದರೆ ಗಡ್ಡೆಯ ಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಂತು ತಪ್ಪಿಸಬೇಡಿ.

ಕಲ್ಚರ್ ಪ್ರಯೋಗವೊಂದು ಪ್ರಮಾಣ, ಕೋಶ, ಕೆಲಸ ಮೂರನ್ನೂ ಸರಿಯಾಗಿ ಹೇಳಿದಾಗ ಎಷ್ಟು ಉಪಕಾರವಾಗುತ್ತದೆ ಎಂಬುದಕ್ಕೆ ರಕ್ತದ ಚೀಲವೇ ಸಾಕ್ಷಿ. ನಮ್ಮ ಕಡೆ ರಕ್ತ ಬೇಕೆಂದರೆ ಮೊದಲು ಮುಂದೆ ಬರುವವರು ಮಗ, ಅಣ್ಣ, ತಮ್ಮ. ಹತ್ತಿರದ ಸಂಬಂಧಿಯ ಟಿ-ಕೋಶಗಳನ್ನು ರೋಗಿಯ ದೇಹ ಕೆಲವೊಮ್ಮೆ ಪರಕೀಯ ಎಂದು ಗುರುತಿಸುವುದೇ ಇಲ್ಲ. ಆ ಕೋಶಗಳು ಮಾತ್ರ ರೋಗಿಯ ದೇಹವನ್ನು ಪರಕೀಯ ಎಂದು ಗುರುತಿಸಿ, ಸಂಖ್ಯೆ ಹೆಚ್ಚಿಸಿಕೊಂಡು, ಚರ್ಮ, ಕರುಳು, ಯಕೃತ್ತು, ಮಜ್ಜೆಯ ಮೇಲೆ ಎರಗುತ್ತವೆ. ಇದು ಅಪರೂಪ. ಆದರೆ ಬಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೋಗಿಗಳು ಉಳಿಯುವುದಿಲ್ಲ. ರಕ್ತದ ಚೀಲಕ್ಕೆ ಕಿರಣ ಕೊಟ್ಟು, ಅದರೊಳಗಿನ ಟಿ-ಕೋಶಗಳನ್ನು ಕಲ್ಚರಿನಲ್ಲಿ ಬೆಳೆಯಲು ಬಿಟ್ಟು ನೋಡಿದ 1994ರ ಅಧ್ಯಯನದಲ್ಲಿ, 25 ಗ್ರೇ ಆದ ಮೇಲೆ ಬೆಳೆಯಬಲ್ಲ ಟಿ-ಕೋಶ ಲಕ್ಷಕ್ಕೆ ಒಂದೂ ಉಳಿಯಲಿಲ್ಲ. ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ, ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಚೀಲದ ನಡುಭಾಗಕ್ಕೆ 25 ಗ್ರೇ, ಎಲ್ಲಿಯೂ 15ಕ್ಕಿಂತ ಕಡಿಮೆ ಬೀಳಬಾರದು ಎಂಬ ನಿಯಮ ನಿಂತಿರುವುದು ಇಂಥ ಕೆಲಸದ ಮೇಲೆ. ಇದಕ್ಕೆ ಬೇಕಾದ ಕೋಬಾಲ್ಟ್-60 ಯಂತ್ರವನ್ನು ನಮ್ಮ ದೇಶದ ಅಣುಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆಯೇ ತಯಾರಿಸುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ರೋಗಿಗಳಿಗೆ ಕಿರಣ ಕೊಟ್ಟ ರಕ್ತ ಇಲ್ಲಿಯೇ ಸಿಗುವ ಏರ್ಪಾಡು ಇರಬೇಕು ಎಂದು ಸರ್ಕಾರವನ್ನು ಒತ್ತಾಯಿಸುತ್ತೇವೆ.

ಹತ್ತಿರದ ಸಂಬಂಧಿಯ ರಕ್ತ ಏರಿಸುವ ಸಂದರ್ಭ ಬಂದರೆ, ಅಥವಾ ರೋಗಿಗೆ ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇದ್ದರೆ, ಮಜ್ಜೆ ಕಸಿಯಾಗಿದ್ದರೆ, ಫ್ಲುಡಾರಬಿನ್‌ನಂಥ ಕ್ಯಾನ್ಸರ್ ಔಷಧ ನಡೆದಿದ್ದರೆ, ಚೀಲಕ್ಕೆ ಕಿರಣ ಕೊಟ್ಟಿದ್ದಾರೆಯೇ ಎಂದು ರಕ್ತನಿಧಿಯಲ್ಲಿ ಕೇಳಿ. ಬಿಳಿಕಣ ಸೋಸುವ ಫಿಲ್ಟರ್ ಇದಕ್ಕೆ ಬದಲಿಯಲ್ಲ. ಕಿರಣ ಕೊಟ್ಟ ಕೆಂಪು ಕಣಗಳಿಂದ ಪೊಟ್ಯಾಶಿಯಂ ಬೇಗ ಸೋರುತ್ತದೆ, ಆದ್ದರಿಂದ ಕೊಟ್ಟ ದಿನದಿಂದ 28 ದಿನದೊಳಗೆ, ಅದಕ್ಕೂ ಮುಂಚೆ ಚೀಲದ ಅವಧಿ ಮುಗಿಯುವುದಾದರೆ ಆ ದಿನದೊಳಗೆ ಬಳಸಬೇಕು. ನವಜಾತ ಶಿಶುವಿನ ರಕ್ತ ಬದಲಾವಣೆಗಾದರೆ 24 ಗಂಟೆಯೊಳಗೆ. ಫ್ರೀಜ್ ಮಾಡಿದ ಪ್ಲಾಸ್ಮಾಕ್ಕೆ ಕಿರಣದ ಅಗತ್ಯವಿಲ್ಲ.

— ರೋಗಶಾಸ್ತ್ರ ಮತ್ತು ವಿಕಿರಣ ಭೌತವಿಜ್ಞಾನ ಬೋಧಕರು, ಬಳ್ಳಾರಿ